ಕೊಠಡಿ ಕೇಳಿದ್ದು ಸಾಕು, ಸದನದಲ್ಲಿ ಪ್ರಶ್ನೆ ಕೇಳಿಸಿ

ಓದುಗರ ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಸಣ್ಣ ಊರು. ಒಂದರಿಂದ ಐದನೇ ತರಗತಿವರೆಗಿನ ಸರ್ಕಾರಿ ಶಾಲೆಯಲ್ಲಿ 27 ಮಕ್ಕಳಿದ್ದಾರೆ. ಇದ್ದ ಇಬ್ಬರು ಶಿಕ್ಷಕರಲ್ಲಿ ಒಬ್ಬರು ವರ್ಗಾವಣೆಯಾಗಿ ಹೋದರು. ಆ ಜಾಗದಲ್ಲಿ ಈಗ ಅತಿಥಿ ಶಿಕ್ಷಕಿ ಇದ್ದಾರೆ. ಬೆಳಿಗ್ಗೆ ಹಳದಿ ವ್ಯಾನು ಬಂದು ಊರಿನ ಅರ್ಧ ಮಕ್ಕಳನ್ನು ತಾಲ್ಲೂಕಿನ ಇಂಗ್ಲಿಷ್ ಶಾಲೆಗೆ ಕರೆದುಕೊಂಡು ಹೋಗುತ್ತದೆ. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ. ಶಾಸಕರ ಹತ್ತಿರ ಹೋದಾಗಲೆಲ್ಲ ‘ಇನ್ನೊಂದು ಕೊಠಡಿ ಕಟ್ಟಿಸಿಕೊಡ್ತೀನಿ’ ಅಂತಾರೆ. ನಮಗೆ ಬೇಕಿರುವುದು ಕೊಠಡಿ ಅಲ್ಲ. ಸರ್ಕಾರಿ ಶಾಲೆ ಸುಧಾರಿಸಲು ಶಾಸಕರು ನಿಜಕ್ಕೂ ಏನು ಮಾಡಬಲ್ಲರು? ಇಲ್ಲಿಯವರೆಗೆ ಏನಾದರೂ ಮಾಡಿದ್ದಾರೆಯೇ?

ಉತ್ತರ:

‘ಬೇಕಿರುವುದು ಕೊಠಡಿ ಅಲ್ಲ’ ಅಂದಿರಲ್ಲ, ಆ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಶಾಸಕರು ಮತ್ತೆ ಮತ್ತೆ ಕೊಠಡಿಯ ಮಾತನ್ನೇ ಆಡುವುದಕ್ಕೆ ಕಾರಣವಿದೆ. ಪ್ರತಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಕಟ್ಟಡ, ಕಾಂಪೌಂಡು, ಶೌಚಾಲಯ, ಡೆಸ್ಕು ಇವಕ್ಕೆಲ್ಲ ಅದರಿಂದ ಹಣ ಕೊಡಬಹುದು. ತಿಂಗಳು ತಿಂಗಳು ಕೊಡಬೇಕಾದ ಸಂಬಳಕ್ಕೆ ಅದು ಬರುವುದಿಲ್ಲ. ಹಾಗಾಗಿ ಆ ದುಡ್ಡಿನಲ್ಲಿ ಗೋಡೆ ಏಳುತ್ತದೆ, ಮೇಷ್ಟ್ರು ಬರುವುದಿಲ್ಲ. ನಿಮ್ಮ ಭಾಗದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಶಾಲೆಗಳಿಗೆ ಬರುತ್ತದೆ. ಅಲ್ಲೂ ಮೊದಲು ಎದ್ದು ಕಾಣುವುದು ಕಟ್ಟಡವೇ. ನಾನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಗಿದ್ದ ತಾಲ್ಲೂಕಿನಲ್ಲಿ 19 ಮಕ್ಕಳ ಒಂದು ಶಾಲೆಗೆ ಐದು ಕೊಠಡಿ ಇದ್ದವು. ಎರಡಕ್ಕೆ ಬೀಗ, ಒಂದರಲ್ಲಿ ಬಿಸಿಯೂಟದ ಅಕ್ಕಿ ಮೂಟೆ. ಆ ಐದಕ್ಕೂ ಇದ್ದದ್ದು ಒಬ್ಬರೇ ಶಿಕ್ಷಕಿ.

ಶಾಸಕ ಅಂದರೆ ಶಾಸನ ಮಾಡುವವರು. ಹೆಸರಿನಲ್ಲೇ ಇರುವ ಆ ಕೆಲಸವನ್ನು ನಾವು ಅವರಿಂದ ಕೇಳುವುದು ಕಡಿಮೆ. ಮೂವತ್ತು ವರ್ಷ ಇಲಾಖೆಯಲ್ಲಿದ್ದು ನಾನು ಕಂಡ ಒಂದು ಸಂಗತಿಯಿದೆ. ಸರ್ಕಾರಿ ಶಾಲೆಯ ವಿಷಯದಲ್ಲಿ ಕಾಯ್ದೆಯಾಗಿ ಬಂದದ್ದು ನಿಂತಿದೆ. ಬರೀ ಆದೇಶ, ಸುತ್ತೋಲೆಯಾಗಿ ಬಂದದ್ದು ಮಂತ್ರಿ ಬದಲಾದಾಗ ತಾನೂ ಬದಲಾಗಿದೆ, ಇಲ್ಲವೇ ಕೋರ್ಟಿನಲ್ಲಿ ಬಿದ್ದಿದೆ.

ನಿಂತದ್ದರಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದಿಂದ ಗೊತ್ತಿರುವುದು ಶಿಕ್ಷಕರ ವರ್ಗಾವಣೆ ಕಾಯ್ದೆ. ನಿಮ್ಮ ಶಾಲೆಯ ಸಮಸ್ಯೆಯ ಬೇರೂ ಅಲ್ಲೇ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಕಾಲದಲ್ಲಿ ಮೇ ತಿಂಗಳು ಬಂತೆಂದರೆ ಶಿಕ್ಷಣ ಇಲಾಖೆಯ ಕಚೇರಿಗಳಲ್ಲಿ ಬೇರೆ ಕೆಲಸವೇ ನಡೆಯುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಶಿಫಾರಸು ಪತ್ರ. ‘ಸದರಿಯವರು ನನಗೆ ಪರಿಚಿತರು, ಇವರ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಗಣಿಸುವುದು’ ಎಂಬ ಒಂದೇ ಒಕ್ಕಣೆ, ಕೆಳಗೆ ಶಾಸಕರ ಸಹಿ. ನಾನು ಗುಮಾಸ್ತನಾಗಿ ಸೇರಿದ ಹೊಸದರಲ್ಲಿ ಒಂದೇ ದಿನ, ಒಂದೇ ಶಾಲೆಯ ಒಂದೇ ಹುದ್ದೆಗೆ, ಒಬ್ಬರೇ ಶಾಸಕರಿಂದ ಇಬ್ಬರು ಶಿಕ್ಷಕರ ಹೆಸರಿನಲ್ಲಿ ಬಂದ ಎರಡು ಪತ್ರಗಳನ್ನು ಇನ್‌ವರ್ಡ್ ಮಾಡಿದ್ದೇನೆ. ಪತ್ರ ತರಲು ಯಾರೂ ಇಲ್ಲದ ಶಿಕ್ಷಕಿ ದೂರದ ತಾಂಡಾದ ಶಾಲೆಯಲ್ಲೇ ಹತ್ತು, ಹನ್ನೆರಡು ವರ್ಷ ಕಳೆಯುತ್ತಿದ್ದರು. ಪತ್ರ ಇದ್ದವರು ಪಟ್ಟಣ ಬಿಟ್ಟು ಕದಲುತ್ತಿರಲಿಲ್ಲ.

ಇದನ್ನು ಮುರಿಯುವ ಕೆಲಸ ನೇಮಕಾತಿಯಿಂದಲೇ ಶುರುವಾಗಿತ್ತು. 1990ರ ದಶಕದ ಮಧ್ಯದಲ್ಲಿ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದಾಗ ಲಕ್ಷದಷ್ಟು ಶಿಕ್ಷಕರ ನೇಮಕವಾಯಿತು. ಅಂಕ ಮತ್ತು ಮೀಸಲಾತಿ ನೋಡಿ ಪಟ್ಟಿ ಮಾಡಿದರು, ಕಾಸು ಕೈ ಬದಲಾಗಲಿಲ್ಲ. ಹಾಗೆ ಕೆಲಸ ಸಿಕ್ಕ ಬಡವರ ಮನೆಯ ಎಷ್ಟೋ ಮಕ್ಕಳು ಇಂದಿಗೂ ಅವರ ಹೆಸರನ್ನು ಕೈಮುಗಿದು ಹೇಳುತ್ತಾರೆ. ಆಮೇಲೆ ವರ್ಗಾವಣೆಗೂ ಕೌನ್ಸೆಲಿಂಗ್, ಅಂದರೆ ಸರದಿಯ ಪ್ರಕಾರ ಎಲ್ಲರೆದುರು ಜಾಗ ಆರಿಸಿಕೊಳ್ಳುವ ಕ್ರಮ, ಬಂತು. 2007ರಲ್ಲಿ ಅದಕ್ಕೊಂದು ಕಾಯ್ದೆಯೇ ಆಯಿತು. 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು.

ಕೌನ್ಸೆಲಿಂಗ್ ನಡೆಯುವ ಸಭಾಂಗಣವನ್ನು ನೀವೊಮ್ಮೆ ನೋಡಬೇಕಿತ್ತು. ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಕಚೇರಿಯ ಗೋಡೆಯ ಮೇಲಿನ ಪರದೆಯಲ್ಲಿ ಖಾಲಿ ಹುದ್ದೆಗಳ ಪಟ್ಟಿ. ಮುಂದೆ ಕುರ್ಚಿಗಳಲ್ಲಿ ಕ್ರಮಸಂಖ್ಯೆಯ ಚೀಟಿ ಹಿಡಿದ ಶಿಕ್ಷಕರು. ಒಮ್ಮೆ ಕಂಕುಳಲ್ಲಿ ಕೂಸಿದ್ದ ಒಬ್ಬ ಶಿಕ್ಷಕಿಯ ಸರದಿ ಬಂತು. ಆಕೆ ಪರದೆ ನೋಡಿದರು, ಊರಿನ ಹೆಸರು ಹೇಳಿದರು. ಆ ಸಾಲು ಪರದೆಯಿಂದ ಅಳಿಸಿಹೋಯಿತು, ಆದೇಶ ಅಲ್ಲೇ ಮುದ್ರಣವಾಗಿ ಕೈಗೆ ಬಂತು. ಒಟ್ಟು ಮೂರು ನಿಮಿಷ. ಆಕೆಗೆ ಗುರುತಿನ ಶಾಸಕರಿರಲಿಲ್ಲ, ಬೇಕಾಗಲೂ ಇಲ್ಲ. ಹಿಂದೆ ಕುಳಿತಿದ್ದ ಹಿರಿಯ ಶಿಕ್ಷಕರೊಬ್ಬರು ಕಣ್ಣೊರೆಸಿಕೊಂಡರು.

ಯೋಚಿಸಿ ನೋಡಿ. ಆ ಕಾಯ್ದೆಗೆ ಕೈ ಎತ್ತಿದ ಪ್ರತಿಯೊಬ್ಬ ಶಾಸಕರೂ ತಮ್ಮ ಕೈಯಲ್ಲಿದ್ದ ಒಂದು ದೊಡ್ಡ ಅಧಿಕಾರವನ್ನು ಬಿಟ್ಟುಕೊಟ್ಟರು. ಕರ್ನಾಟಕದ ಶಾಸಕರು ಸರ್ಕಾರಿ ಶಾಲೆಗೆ ಮಾಡಿದ ಅತಿ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ. ಅದಕ್ಕೆ ಆಗಬೇಕಾದಷ್ಟು ಹೊಗಳಿಕೆಯೂ ಆಗಿಲ್ಲ.

ಹಾಗಾದರೆ ನಿಮ್ಮ ಶಾಲೆ ಏಕೆ ಖಾಲಿಯಾಯಿತು? ವರ್ಗಾವಣೆ ಕಾಯ್ದೆ ಶಿಕ್ಷಕರಿಗೆ ನ್ಯಾಯ ಕೊಟ್ಟಿತು. ಅವರು ಬಿಟ್ಟುಹೋದ ಕುರ್ಚಿ ತುಂಬುವ ಹೊಣೆಯನ್ನು ಅದು ಹೊತ್ತಿಲ್ಲ. ಹೊಸ ನೇಮಕ ನಿಂತರೆ ಇರುವ ಶಿಕ್ಷಕರನ್ನೇ ಅಲ್ಲಿಂದಿಲ್ಲಿಗೆ ಹಂಚಬೇಕಾಗುತ್ತದೆ. ಆಗ ಮೊದಲು ಖಾಲಿಯಾಗುವುದು ಕಲ್ಯಾಣ ಕರ್ನಾಟಕದ ಜಿಲ್ಲೆಗಳು. ಖಾಲಿ ಹುದ್ದೆ ಮಿತಿ ಮೀರಿದ ತಾಲ್ಲೂಕಿನಿಂದ ಹೊರಗೆ ಬಿಡುವುದಿಲ್ಲ ಎಂಬ ತಡೆಯೂ ಬಂತು. ಅದರಿಂದ ವರ್ಷಗಟ್ಟಲೆ ಹೆಂಡತಿ ಒಂದು ಕಡೆ, ಗಂಡ ಒಂದು ಕಡೆ ಉಳಿದ ಶಿಕ್ಷಕರ ಸಂಕಟವನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ಕಳ್ಳ ಬಾಗಿಲು ‘ನಿಯೋಜನೆ’. ಸಂಬಳ ಹಳ್ಳಿ ಶಾಲೆಯ ಹುದ್ದೆಯ ಮೇಲೆ, ಕೆಲಸ ಮಾತ್ರ ಪಟ್ಟಣದಲ್ಲಿ. ಕಾಗದದಲ್ಲಿ ಹುದ್ದೆ ಭರ್ತಿ, ತರಗತಿಯಲ್ಲಿ ಯಾರೂ ಇಲ್ಲ. ಹಳೆಯ ಶಿಫಾರಸು ಪತ್ರಗಳು ಈಗ ನುಗ್ಗುವುದು ಈ ಬಾಗಿಲಿನಿಂದ. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ನಿಯೋಜನೆಗಳಿವೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ ನೋಡಿ.

ಇನ್ನು ನಿಮ್ಮ ಹಕ್ಕು ಯಾವುದು ಎಂಬುದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುವ ಪ್ರಕಾರ, ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಲೇಬೇಕು. ನಿಮ್ಮ 27 ಮಕ್ಕಳಿಗೂ ಇಬ್ಬರೇ. ಅದೇ ಕಾಯ್ದೆಯ 26ನೇ ಕಲಮು ಓದಿ: ಶಾಲೆಯ ಮಂಜೂರಾದ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಕೂಡದು. ಎರಡರಲ್ಲಿ ಒಂದು ಖಾಲಿ ಅಂದರೆ ಶೇ. 50. 27ನೇ ಕಲಮು ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚುವಂತಿಲ್ಲ ಎನ್ನುತ್ತದೆ. ಅತಿಥಿ ಶಿಕ್ಷಕಿಯ ಬಗ್ಗೆ ನನಗೆ ಗೌರವವಿದೆ. ಕಡಿಮೆ ಗೌರವಧನಕ್ಕೆ, ಬೇಸಿಗೆ ರಜೆಯಲ್ಲಿ ಅದೂ ಇಲ್ಲದೆ, ಅವರು ಮಾಡುತ್ತಿರುವ ಕೆಲಸ ಸಣ್ಣದಲ್ಲ. ಆದರೆ ವರ್ಷ ಮುಗಿದೊಡನೆ ಅವರ ಅವಧಿಯೂ ಮುಗಿಯುತ್ತದೆ. ಕಾಯಂ ಶಿಕ್ಷಕರೊಬ್ಬರೇ ಉಳಿದರೆ ಹಾಲಿನ ಪುಡಿ, ಮೊಟ್ಟೆಯ ಲೆಕ್ಕ, ಸ್ಯಾಟ್ಸ್ (ಮಕ್ಕಳ ವಿವರದ ಆನ್‌ಲೈನ್ ದಾಖಲೆ) ನಮೂದು, ಬಿಇಒ ಕಚೇರಿಯ ಸಭೆ ಎಲ್ಲಾ ಅವರ ತಲೆಗೇ ಬರುತ್ತದೆ. ಅವರು ಸಭೆಗೆ ಹೋದ ದಿನ ಐದು ತರಗತಿಗಳ ಮಕ್ಕಳು ನಲಿ-ಕಲಿ (ಸಣ್ಣ ತರಗತಿಗಳ ಆಟ-ಪಾಠದ) ಕೊಠಡಿಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಹಳದಿ ವ್ಯಾನು ಊರೊಳಗೆ ಬಂದದ್ದು ಅಂಥ ದಿನಗಳ ಕಾರಣಕ್ಕೆ. ಇಂಗ್ಲಿಷ್ ಆಮೇಲಿನ ಮಾತು.

ಶಾಸಕರು ಇಲ್ಲಿಯವರೆಗೆ ಏನು ಮಾಡಿದ್ದಾರೆ ಎಂದೂ ಕೇಳಿದ್ದೀರಿ. ಎಲ್ಲವನ್ನೂ ಹೇಳಲು ಹೊರಟರೆ ಪುಸ್ತಕವೇ ಆಗುತ್ತದೆ. ಕೆಲವನ್ನಷ್ಟೇ ಹೇಳುತ್ತೇನೆ.

ರಾಜ್ಯದ ಶಿಕ್ಷಣಕ್ಕೆ ತಾಯಿಬೇರು ಕರ್ನಾಟಕ ಶಿಕ್ಷಣ ಕಾಯ್ದೆ 1983. ಹೆಸರಿನಲ್ಲಿ 1983 ಇದ್ದರೂ ರಾಷ್ಟ್ರಪತಿಯವರ ಅಂಕಿತ ಸಿಕ್ಕಿದ್ದು 1993ರಲ್ಲಿ, ಜಾರಿಗೆ ಬಂದದ್ದು 1995ರ ಜನವರಿಯಲ್ಲಿ. ವಿಧೇಯಕ ಮಂಡನೆಯಾದ ವರ್ಷ ಒಂದನೇ ತರಗತಿಗೆ ಸೇರಿದ ಮಗು, ಕಾಯ್ದೆ ಜಾರಿಯಾಗುವ ಹೊತ್ತಿಗೆ ಪಿಯುಸಿಯಲ್ಲಿತ್ತು. 1976ರ ಸಂವಿಧಾನ ತಿದ್ದುಪಡಿಯಲ್ಲಿ ಶಿಕ್ಷಣವು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋಯಿತಲ್ಲ, ಅಂದಿನಿಂದ ರಾಜ್ಯದ ಶಾಸಕರು ಏನು ಮಾಡಹೊರಟರೂ ಕೇಂದ್ರದ ಕಾನೂನಿನ ಜೊತೆ ಹೊಂದಿಸಿಕೊಂಡೇ ನಡೆಯಬೇಕು. ತಡಕ್ಕೆ ಅದೂ ಒಂದು ಕಾರಣ.

ಭಾಷೆಯ ವಿಷಯದಲ್ಲಿ ಪಾಠ ಇನ್ನೂ ಕಹಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೋ ಕನ್ನಡವೋ ಮಾಧ್ಯಮವಾಗಿರಬೇಕು ಎಂದು 1994ರಲ್ಲಿ ಸರ್ಕಾರ ಮಾಡಿದ್ದು ಆದೇಶ. ಇಪ್ಪತ್ತು ವರ್ಷ ಕೋರ್ಟು ಅಲೆದ ಮೇಲೆ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. ಆ ನೋವು ನನಗೆ ಇಂದಿಗೂ ಇದೆ. ಆಮೇಲೆ 2015ರಲ್ಲಿ ಬಂದ ಕನ್ನಡ ಭಾಷಾ ಕಲಿಕಾ ಕಾಯ್ದೆ ಮಾಧ್ಯಮದ ಗೊಡವೆಗೆ ಹೋಗದೆ, ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದು ಕಡ್ಡಾಯ ಎಂದಷ್ಟೇ ಹೇಳಿತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲೂ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆ, ಎರಡು ಭಾಷೆಯ ನೀತಿ ಎಂಬ ಶಿಫಾರಸುಗಳಿವೆ. ಅವು ಮತ್ತೆ ಆದೇಶವಾಗಿ ಬರುತ್ತವೋ, ಸದನದಲ್ಲಿ ಚರ್ಚೆಯಾಗಿ ಕಾನೂನಿನ ಬಲದೊಂದಿಗೆ ಬರುತ್ತವೋ ಎಂಬುದನ್ನೇ ನಾನು ಕಾದು ನೋಡುತ್ತಿದ್ದೇನೆ.

ಆದೇಶದ ದಾರಿ ಮಕ್ಕಳನ್ನು ಎಂಥ ಗೋಳಿಗೆ ತಳ್ಳುತ್ತದೆ ಎಂಬುದಕ್ಕೆ 2024ರ ಮಾರ್ಚ್ ಸಾಕ್ಷಿ. 5, 8 ಮತ್ತು 9ನೇ ತರಗತಿಗೆ ಮಂಡಳಿ ಪರೀಕ್ಷೆ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು, ಸುಪ್ರೀಂ ಕೋರ್ಟು ಮಧ್ಯೆ ಬಂದು ಪರೀಕ್ಷೆ ನಿಂತಿತು, 22ಕ್ಕೆ ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟ ಮೇಲೆ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಟ್ಟಿತು. ನಮ್ಮ ಪಕ್ಕದ ಮನೆಯ ಹತ್ತು ವರ್ಷದ ಹುಡುಗಿ ಪ್ರತಿ ಸಂಜೆ ಬಾಗಿಲಿಗೆ ಬಂದು ‘ತಾತಾ, ನಾಳೆ ಪರೀಕ್ಷೆ ಇದೆಯಾ?’ ಎಂದು ಕೇಳುತ್ತಿದ್ದಳು. ಇಲಾಖೆಯಲ್ಲಿ ತಲೆ ನರೆತ ನನ್ನ ಹತ್ತಿರ ಉತ್ತರವಿರಲಿಲ್ಲ. ಪರೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಇದನ್ನು ನಿಯಮವಾಗಿ ಮಾಡಿ, ಆಕ್ಷೇಪಣೆ ಕರೆದು, ಸದನದ ಮುಂದಿಡಬೇಕಿತ್ತು ಎಂಬುದು ಏಕಸದಸ್ಯ ಪೀಠದ ಆಕ್ಷೇಪದ ತಿರುಳಾಗಿತ್ತು. ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ನನಗೆ ಮೊದಲ ಮಾತೇ ಸರಿ ಅನ್ನಿಸುತ್ತದೆ. ಸದನದಲ್ಲಿ ಒಂದು ದಿನ ಚರ್ಚೆಯಾಗಿದ್ದರೆ ಈ ಗೊಂದಲದ ಬಹುಪಾಲು ತಪ್ಪುತ್ತಿತ್ತು.

ಹಳದಿ ವ್ಯಾನಿಗೂ ಸರ್ಕಾರದ ನಿಯಮಗಳಿಗೂ ನಂಟಿದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇ. 25 ಸೀಟು ಇತ್ತು, ಅದರ ಶುಲ್ಕವನ್ನು ಸರ್ಕಾರ ಕೊಡುತ್ತಿತ್ತು. 2019ರ ಜನವರಿಯಲ್ಲಿ ರಾಜ್ಯ ನಿಯಮಕ್ಕೆ ತಿದ್ದುಪಡಿಯಾಯಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2024ರಲ್ಲಿ ಮಹಾರಾಷ್ಟ್ರ ಇಂಥದೇ ತಿದ್ದುಪಡಿ ತಂದಾಗ ಬಾಂಬೆ ಹೈಕೋರ್ಟು ಅದನ್ನು ರದ್ದುಮಾಡಿತು. ಸರ್ಕಾರದ ದುಡ್ಡು ಸರ್ಕಾರಿ ಶಾಲೆಗೇ ಹೋಗಲಿ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಉಳಿದ ಹಣದಿಂದ ನಿಮ್ಮ ಊರಿನ ಶಾಲೆಗೆ ಎರಡನೇ ಶಿಕ್ಷಕರು ಬರಬೇಕಿತ್ತಲ್ಲ? ಅದನ್ನು ಸದನದಲ್ಲಿ ವರ್ಷ ವರ್ಷವೂ ಕೇಳಬೇಕಾದವರು ಶಾಸಕರು.

ಒಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಕ್ಕೆ ಮೀಸಲು. ಹಾಗಾದರೆ ನಿಮ್ಮ ಶಾಲೆಯ ಶಿಕ್ಷಕರಿಗೂ ಅಲ್ಲೊಬ್ಬ ಪ್ರತಿನಿಧಿ ಇದ್ದಾರೆ ಅಂದುಕೊಳ್ಳುತ್ತೀರಿ. ಇಲ್ಲ. ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆಗಿಂತ ಕೆಳಗಿನ ಹಂತದಲ್ಲಿ ಪಾಠ ಮಾಡುವವರಿಗೆ ಈ ಮತವಿಲ್ಲ. ಅಕ್ಷರ ತಿದ್ದಿಸುವವರಿಗೆ ಮತ ಇಲ್ಲದ ಮೇಲೆ, ಪರಿಷತ್ತಿನಲ್ಲಿ ಪ್ರೌಢಶಾಲೆ, ಕಾಲೇಜು, ಅನುದಾನ, ಪಿಂಚಣಿ ಕೇಳಿಬಂದಷ್ಟು ಕಿರಿಯ ಪ್ರಾಥಮಿಕ ಶಾಲೆಯ ಮಾತು ಕೇಳಿಬರುವುದಿಲ್ಲ. ನಿಮ್ಮ 27 ಮಕ್ಕಳ ಪರವಾಗಿ ಮಾತಾಡಲು ಉಳಿದವರು ನಿಮ್ಮ ಕ್ಷೇತ್ರದ ಶಾಸಕರೊಬ್ಬರೇ.

‘ಶಾಸಕರ, ಅಧಿಕಾರಿಗಳ ಮಕ್ಕಳೂ ಸರ್ಕಾರಿ ಶಾಲೆಗೇ ಬರಬೇಕೆಂದು ಕಾನೂನು ಮಾಡಲಿ’ ಎಂದು ಸಭೆಗಳಲ್ಲಿ ಕೇಳುವವರಿದ್ದಾರೆ. 2015ರಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶಕ್ಕೆ ಅಂಥದೇ ಆದೇಶ ಕೊಟ್ಟಿತ್ತು. ಅಲ್ಲಿನ ಶಾಲೆಗಳಲ್ಲಿ ಅದು ಕಾಣಲೇ ಇಲ್ಲ. ಆ ಬೇಡಿಕೆಯ ಹಿಂದಿನ ಸಿಟ್ಟು ನನಗೂ ಇದೆ. ಆದರೂ ಅದನ್ನು ಕಾಯುತ್ತ ಕೂರಬೇಡಿ.

ನಿಮ್ಮ ಊರಿನಲ್ಲಿ ಸಣ್ಣ ಶಾಲೆಯನ್ನು ದೊಡ್ಡ ಶಾಲೆಯೊಂದಿಗೆ ವಿಲೀನ ಮಾಡುವ ಮಾತೂ ಎದ್ದಿರಬಹುದು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಒಳ್ಳೆಯ ಯೋಚನೆ. ಅವು ಬೆಳೆಯಲಿ. ಆದರೆ ಐದನೇ ತರಗತಿವರೆಗಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ಶಿಕ್ಷಣ ಹಕ್ಕು ನಿಯಮ. ದಾಖಲಾತಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಆರು ವರ್ಷದ ಮಗುವನ್ನು ಡಾಂಬರು ರಸ್ತೆಗೆ ಹತ್ತಿಸುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಶಿಕ್ಷಕರನ್ನು ಕೊಡದೆ ದಾಖಲಾತಿ ಇಳಿಸಿ, ಆಮೇಲೆ ದಾಖಲಾತಿ ಇಳಿಯಿತೆಂದು ಶಾಲೆ ಮುಚ್ಚುವುದು ಅನ್ಯಾಯ.

ಈಗ ನೀವು ಮಾಡಬೇಕಾದದ್ದು. ಮೊದಲು ಎಸ್‌ಡಿಎಂಸಿ ಸಭೆ ಕರೆಯಿರಿ. ಈ ಸಮಿತಿಯೇನೂ ಅಲಂಕಾರಕ್ಕೆ ಇರುವುದಲ್ಲ. 2001ರಲ್ಲಿ ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ ಹುಟ್ಟಿ, ಈಗ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಬಲ ಪಡೆದಿದೆ. ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಲೇಬೇಕು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಅಧಿಕಾರ ನಿಮ್ಮದು. ಹೆಣ್ಣುಮಕ್ಕಳು ಹೆಬ್ಬೆಟ್ಟು ಒತ್ತುವುದಕ್ಕಷ್ಟೇ ಬಂದರು ಎಂಬಂತೆ ಆಗದಿರಲಿ, ಓದಿ ಹೇಳಿ, ಮಾತಾಡಿಸಿ. ‘ಎರಡನೇ ಶಿಕ್ಷಕರ ಹುದ್ದೆ ಇಂಥ ತಿಂಗಳಿಂದ ಖಾಲಿ, 26ನೇ ಕಲಮಿನ ಉಲ್ಲಂಘನೆಯಾಗಿದೆ’ ಎಂದು ದಿನಾಂಕ ಸಮೇತ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿ ಹಾಕಿಸಿ. ಜೊತೆಗೆ ಸ್ಯಾಟ್ಸ್‌ನಿಂದ ಮಕ್ಕಳ ಸಂಖ್ಯೆಯ ಮುದ್ರಿತ ಪ್ರತಿ ತೆಗೆದುಕೊಳ್ಳಿ. ಒಂದು ಪ್ರತಿ ಬಿಇಒಗೆ, ಒಂದು ಡಿಡಿಪಿಐಗೆ, ಸ್ವೀಕೃತಿ ಮೊಹರಿನೊಂದಿಗೆ.

ಆಮೇಲೆ ಶಾಸಕರಲ್ಲಿಗೆ ಹೋಗಿ. ಸಾಧ್ಯವಾದರೆ ಅಕ್ಕಪಕ್ಕದ ನಾಲ್ಕೈದು ಶಾಲೆಗಳ ಎಸ್‌ಡಿಎಂಸಿಯವರನ್ನೂ ಕರೆದುಕೊಂಡು ಹೋಗಿ. ಒಂದೇ ಹಾಳೆ ಸಾಕು. ಅದರಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯ ಕರಡು ಇರಲಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು, ಶಾಸಕರು ಉಪಪ್ರಶ್ನೆ ಹಾಕಬಹುದು. ಅಧಿವೇಶನಕ್ಕೆ ಸಾಕಷ್ಟು ದಿನ ಮೊದಲೇ ಸೂಚನೆ ಕೊಡಬೇಕಾಗುತ್ತದೆ, ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಹೊರಡಿ. ಕರಡು ಹೀಗಿರಲಿ:

‘ಅ) ಇಂಥ ವಿಧಾನಸಭಾ ಕ್ಷೇತ್ರದ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಗಳೆಷ್ಟು, ಖಾಲಿ ಎಷ್ಟು, ಒಬ್ಬರೇ ಕಾಯಂ ಶಿಕ್ಷಕರಿರುವ ಶಾಲೆಗಳು ಯಾವುವು? (ಶಾಲಾವಾರು ವಿವರ ನೀಡುವುದು) ಆ) ಈ ಕ್ಷೇತ್ರದಿಂದ ಬೇರೆಡೆಗೆ ನಿಯೋಜನೆ ಮೇಲೆ ಇರುವ ಶಿಕ್ಷಕರೆಷ್ಟು? ಇ) ಶಿಕ್ಷಣ ಹಕ್ಕು ಕಾಯ್ದೆಯ 26ನೇ ಪ್ರಕರಣ ಉಲ್ಲಂಘನೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು?’

‘ಶಾಲಾವಾರು’ ಎಂಬ ಪದವನ್ನು ಬಿಡಬೇಡಿ. ಅದಿಲ್ಲದಿದ್ದರೆ ಜಿಲ್ಲೆಯ ಒಟ್ಟು ಲೆಕ್ಕ ಬರುತ್ತದೆ, ನಿಮ್ಮ ಶಾಲೆ ಆ ಲೆಕ್ಕದಲ್ಲಿ ಮುಳುಗಿಹೋಗುತ್ತದೆ. ‘ಕಾಲಮಿತಿ’ಯನ್ನೂ ಬಿಡಬೇಡಿ. ಅದಿಲ್ಲದಿದ್ದರೆ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಉತ್ತರ ಬರುತ್ತದೆ. ನಾನೇ ಕಚೇರಿಯಲ್ಲಿ ಕುಳಿತು ಅಂಥ ಉತ್ತರಗಳ ಕರಡು ಬರೆದವನು, ಅದಕ್ಕೇ ಹೇಳುತ್ತಿದ್ದೇನೆ. ಶಾಲಾವಾರು ಪ್ರಶ್ನೆ ಬಂತೆಂದರೆ, ಕೆಲವು ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿಯಿಂದ ಹಿಡಿದು ಆಯುಕ್ತರ ಕಚೇರಿವರೆಗೆ ಎಲ್ಲರೂ ಆ ಶಾಲೆಯ ಹೆಸರನ್ನು ಓದಲೇಬೇಕು. ಸದನಕ್ಕೆ ತಪ್ಪು ಲೆಕ್ಕ ಕೊಡಲು ಅಧಿಕಾರಿಗಳು ಹೆದರುತ್ತಾರೆ. ಎಷ್ಟೋ ಸಲ ಉತ್ತರ ಸದನಕ್ಕೆ ಹೋಗುವ ಮೊದಲೇ ‘ಅಲ್ಲಿಗೊಬ್ಬರನ್ನು ಕಳಿಸಿಬಿಡಿ’ ಎಂದು ಮೇಲಿನಿಂದ ಫೋನು ಬಂದದ್ದಿದೆ.

ಉತ್ತರದ ಪ್ರತಿ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ಮುದ್ರಿಸಿ ನಡಾವಳಿ ಪುಸ್ತಕಕ್ಕೆ ಅಂಟಿಸಿಡಿ. ಮುಂದಿನ ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರ, ಎರಡನೇ ಕುರ್ಚಿಯಲ್ಲಿ ಯಾರಿದ್ದಾರೆ ಎಂದು ನೋಡಿಕೊಂಡು ಅದೇ ಪುಟ ತೆರೆದು ಶಾಸಕರ ಮುಂದೆ ಇಡಿ. ಕರಡು ಬರೆಯುವಾಗ ಏನಾದರೂ ತೊಡಕಾದರೆ ಮತ್ತೆ ಬರೆಯಿರಿ. ನಿಮ್ಮ ಶಾಲೆಯ ಅಂಕಿಗಳನ್ನು ಕಳಿಸಿಕೊಟ್ಟರೆ ನಾನೇ ತಿದ್ದಿ ಕಳಿಸುತ್ತೇನೆ.